ನಾಲ್ಕು ಚದರ ಸೆಂಟಿಮೀಟರ್‌ನಿಂದ ಇಡೀ ಮೈಗೆ ಚರ್ಮ: ಬೋಖುಮ್‌ನ ಹುಡುಗನ ಪ್ರಕರಣ

2015ರ ಜೂನ್ ತಿಂಗಳು. ಜರ್ಮನಿಯ ಬೋಖುಮ್ ನಗರದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿಗೆ ಏಳು ವರ್ಷದ ಹುಡುಗನೊಬ್ಬನನ್ನು ಸೇರಿಸಿದರು. ಸಿರಿಯಾದಿಂದ ಬಂದ ಕುಟುಂಬ. ಹುಡುಗನಿಗೆ ಬೆಂಕಿ ತಗುಲಿರಲಿಲ್ಲ, ಬಿಸಿನೀರು ಬಿದ್ದಿರಲಿಲ್ಲ. ಆದರೂ ಅವನ ಮೈಯ ಶೇಕಡ 60ರಷ್ಟು ಭಾಗದಲ್ಲಿ ಚರ್ಮದ ಹೊರಪದರ ಕಿತ್ತುಹೋಗಿತ್ತು. ತೂಕ 17 ಕೆಜಿ. ಜ್ವರ, ಸೋಂಕು, ತಡೆಯಲಾಗದ ನೋವು.

ಹುಟ್ಟಿದಾಗಿನಿಂದಲೂ ಅವನ ಮೈಮೇಲೆ ಗುಳ್ಳೆ ಏಳುತ್ತಿದ್ದವು. ಬೆನ್ನು, ಪಕ್ಕೆ, ಕೈಕಾಲು, ಎಲ್ಲ ಕಡೆ. ಕೆಲವು ಒಣಗುತ್ತಿದ್ದವು, ಕೆಲವು ವರ್ಷಗಟ್ಟಲೆ ಹುಣ್ಣಾಗಿ ಉಳಿಯುತ್ತಿದ್ದವು. ಆಸ್ಪತ್ರೆಗೆ ಬರುವುದಕ್ಕೆ ಸುಮಾರು ಆರು ವಾರ ಮುಂಚೆ ಆ ಹುಣ್ಣುಗಳಿಗೆ ಎರಡು ಬಗೆಯ ಬ್ಯಾಕ್ಟೀರಿಯಾ ಹತ್ತಿಕೊಂಡವು. ಒಂದು ಸ್ಟ್ಯಾಫಿಲೊಕಾಕಸ್, ಇನ್ನೊಂದು ಸ್ಯೂಡೊಮೊನಾಸ್. ಅಲ್ಲಿಂದ ಮುಂದೆ ಎಲ್ಲವೂ ಕೈಮೀರಿ ಹೋಯಿತು. ದಾಖಲಾದ ಮೇಲೂ ಚರ್ಮ ಬಿಚ್ಚಿಕೊಳ್ಳುತ್ತಲೇ ಹೋಗಿ, ಶೇಕಡ 80ರ ತನಕ ಮುಟ್ಟಿತು.

ಕಾಯಿಲೆಯ ಹೆಸರು ಜಂಕ್ಷನಲ್ ಎಪಿಡರ್ಮೊಲೈಸಿಸ್ ಬುಲ್ಲೋಸಾ. ಹೆಸರು ಉದ್ದ, ವಿಷಯ ಸರಳ. ನಮ್ಮ ಚರ್ಮದಲ್ಲಿ ಮೇಲೊಂದು ತೆಳ್ಳನೆಯ ಹೊರಪದರ, ಅದರ ಕೆಳಗೆ ದಪ್ಪನೆಯ ಒಳಪದರ ಇರುತ್ತವೆ. ಇವೆರಡನ್ನೂ ಹಿಡಿದಿಡುವ ಅಂಟಿನಂಥ ಪ್ರೋಟೀನುಗಳಲ್ಲಿ ಲ್ಯಾಮಿನಿನ್-332 ಮುಖ್ಯವಾದದ್ದು. ಅದು ಮೂರು ಎಳೆ ಸೇರಿ ಆಗುವಂಥದ್ದು. ಅದರಲ್ಲಿ ಒಂದು ಎಳೆಯನ್ನು ಮಾಡುವ ಜೀನ್‌ಗೆ ಲ್ಯಾಂಬ್3 ಎನ್ನುತ್ತಾರೆ. ಈ ಹುಡುಗನಿಗೆ ತಾಯಿಯಿಂದ ಬಂದ ಪ್ರತಿಯೂ ಕೆಟ್ಟಿತ್ತು, ತಂದೆಯಿಂದ ಬಂದ ಪ್ರತಿಯೂ ಕೆಟ್ಟಿತ್ತು. ಹಾಗಾಗಿ ಅಂಟು ಸಾಕಷ್ಟು ಇರಲಿಲ್ಲ. ಅಂಗಿ ಉಜ್ಜಿದರೆ ಸಾಕು, ಮೇಲಿನ ಪದರ ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ.

ಈ ಬಗೆಯ ಕಾಯಿಲೆ ಇರುವವರಲ್ಲಿ ಶೇಕಡ 40ಕ್ಕೂ ಜಾಸ್ತಿ ಮಕ್ಕಳು ಹದಿಹರೆಯಕ್ಕೆ ಬರುವ ಮೊದಲೇ ತೀರಿಕೊಳ್ಳುತ್ತಾರೆ. ಬದುಕಿ ಉಳಿದವರಿಗೆ ಮುಂದೆ ಚರ್ಮದ ಕ್ಯಾನ್ಸರ್ ಭಯ ಬೇರೆ.

ಕೈಚೆಲ್ಲುವ ಹಂತ

ಬೋಖುಮ್‌ನ ವೈದ್ಯರು ಗೊತ್ತಿರುವ ದಾರಿಗಳನ್ನೆಲ್ಲ ಹಿಡಿದು ನೋಡಿದರು. ಆಂಟಿಬಯೋಟಿಕ್ ಕೊಟ್ಟರು. ಕೀಟಾಣು ಕೊಲ್ಲುವ ದ್ರಾವಣದಲ್ಲಿ ಸ್ನಾನ ಮಾಡಿಸಿದರು. ಮೂಗಿನ ನಳಿಗೆಯಿಂದ ಆಹಾರ ಇಳಿಸಿದರು, ಮತ್ತೆ ಮತ್ತೆ ರಕ್ತ ಕೊಟ್ಟರು. ಚರ್ಮದ ಬದಲು ಹೊದಿಸುವ ಕೃತಕ ಹೊದಿಕೆಗಳೂ ಪ್ರಯೋಜನಕ್ಕೆ ಬರಲಿಲ್ಲ. ಕೊನೆಗೆ ತಂದೆಯ ಚರ್ಮದ ತೆಳು ಪದರ ತೆಗೆದು ಮಗನಿಗೆ ಕಸಿ ಮಾಡಿದರು. ಮೊದಲು ಹಿಡಿದಂತೆ ಕಂಡಿತು. ಆಮೇಲೆ ಪೂರ್ತಿ ಬಿದ್ದುಹೋಯಿತು. ತಂದೆಯ ಚರ್ಮವೇ ಆದರೂ ಮಗನ ದೇಹಕ್ಕೆ ಅದು ಪರರದ್ದೇ ತಾನೆ? ರೋಗನಿರೋಧಕ ವ್ಯವಸ್ಥೆ ಅದನ್ನು ಉಳಿಸಿಕೊಳ್ಳುವುದಿಲ್ಲ.

ಸುಟ್ಟಗಾಯದ ರೋಗಿಗೆ ಮಾಡುವ ಮಾಮೂಲಿ ಕೆಲಸವೆಂದರೆ ಅವನದೇ ಮೈಯ ಒಳ್ಳೆಯ ಜಾಗದಿಂದ ಚರ್ಮ ತೆಗೆದು ಗಾಯದ ಮೇಲೆ ಹೊದಿಸುವುದು. ಇಲ್ಲಿ ಅದೂ ಆಗದು. ಒಳ್ಳೆಯ ಜಾಗವೇ ಹೆಚ್ಚು ಉಳಿದಿರಲಿಲ್ಲ. ಉಳಿದ ಚರ್ಮದ ಜೀವಕೋಶಗಳಲ್ಲೂ ಅದೇ ಕೆಟ್ಟ ಜೀನ್ ಇತ್ತು. ಎಲ್ಲಿಂದ ತೆಗೆದು ಎಲ್ಲಿಗೆ ಹಾಕಿದರೂ ಮತ್ತೆ ಗುಳ್ಳೆಯೇ.

ಇನ್ನು ನೋವು ಕಡಿಮೆ ಮಾಡಿ, ಕೊನೆಯ ದಿನಗಳನ್ನು ಹಗುರ ಮಾಡುವುದಷ್ಟೇ ಬಾಕಿ ಎನ್ನುವ ಹಂತಕ್ಕೆ ಮಾತು ಬಂದಿತ್ತು. ತಂದೆತಾಯಿ ಒಪ್ಪಲಿಲ್ಲ. ಪ್ರಯೋಗದ ಹಂತದಲ್ಲಿರುವ ಚಿಕಿತ್ಸೆಯಾದರೂ ಸರಿ, ಏನಾದರೂ ಮಾಡಿ ಎಂದು ಕೇಳಿದರು. ವೈದ್ಯರು ಹುಡುಕಾಡಿದಾಗ ಇಟಲಿಯ ಮೊಡೆನಾದಲ್ಲಿರುವ ಮಿಕೇಲೆ ಡಿ ಲುಕಾ ಅವರ ತಂಡದ ಕೆಲಸ ಕಣ್ಣಿಗೆ ಬಿತ್ತು. ಬೇರೆ ದಾರಿಯಿಲ್ಲದ ಒಬ್ಬ ರೋಗಿಗೆ ಮಾತ್ರ ಎಂಬ ವಿಶೇಷ ಅನುಮತಿಯನ್ನು ಜರ್ಮನಿಯ ಅಧಿಕಾರಿಗಳು 2015ರ ಆಗಸ್ಟ್‌ನಲ್ಲಿ ಕೊಟ್ಟರು. ಸರ್ಕಾರಿ ಕೆಲಸದ ಲೆಕ್ಕದಲ್ಲಿ ಇದು ಓಟವೇ ಸರಿ.

ಮೊಡೆನಾಕ್ಕೆ ಈ ವಿದ್ಯೆ ಬಂದದ್ದು

ಈ ಪ್ರಕರಣವನ್ನು ಪತ್ರಿಕೆಗಳು ಬರೆದಾಗ ಎಲ್ಲವೂ ದಿಢೀರ್ ಆಯಿತೇನೋ ಅನ್ನುವಂತೆ ಬರೆದವು. ನಿಜವಾಗಿ ಇದರ ಹಿಂದೆ ನಲವತ್ತು ವರ್ಷದ ಕೆಲಸ ಇದೆ.

ಚರ್ಮದ ಹೊರಪದರ ಸುಮಾರು ತಿಂಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ. ಮೇಲಿನವು ಉದುರುತ್ತವೆ, ಕೆಳಗಿನವು ಮೇಲೆ ಬರುತ್ತವೆ. ಹೀಗೆ ಜೀವನಪೂರ್ತಿ ಪೂರೈಸುತ್ತಿರಲು ಕೆಳಗೆ ಯಾರೋ ಕೂತು ಹುಟ್ಟಿಸುತ್ತಿರಬೇಕಲ್ವಾ? ಅವೇ ಚರ್ಮದ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು. ಭ್ರೂಣದಲ್ಲಿ ಸಿಗುವ ಕಾಂಡಕೋಶಗಳ ಹಾಗೆ ಇವು ಏನು ಬೇಕಾದರೂ ಆಗುವಂಥವಲ್ಲ. ಇವು ಬೆಳೆದ ದೇಹದ ಒಂದೊಂದು ಅಂಗದಲ್ಲಿ ಇದ್ದು, ಆ ಅಂಗದ ರಿಪೇರಿಯನ್ನಷ್ಟೇ ನೋಡಿಕೊಳ್ಳುತ್ತವೆ. ಚರ್ಮದವು ಚರ್ಮ ಮಾಡುತ್ತವೆ. ಮೂಳೆಮಜ್ಜೆಯವು ರಕ್ತ ಮಾಡುತ್ತವೆ. ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿರುವವು ಕಾರ್ನಿಯಾದ ಮೇಲಿನ ಪದರ ಮಾಡುತ್ತವೆ.

1975ರಲ್ಲಿ ಅಮೆರಿಕದಲ್ಲಿ ಹೊವಾರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಮನುಷ್ಯನ ಹೊರಪದರದ ಜೀವಕೋಶಗಳನ್ನು ಲ್ಯಾಬ್‌ನಲ್ಲಿ ಬೆಳೆಸುವ ದಾರಿ ಕಂಡುಕೊಂಡರು. ಅದರ ಗುಟ್ಟು ವಿಚಿತ್ರ: ವಿಕಿರಣ ಹಾಯಿಸಿ, ಇನ್ನು ವಿಭಜನೆಯಾಗದಂತೆ ಮಾಡಿದ ಇಲಿಯ ಜೀವಕೋಶಗಳನ್ನು ಕೆಳಗೆ ಹಾಸುವುದು. ಅವುಗಳ ಆಸರೆಯಲ್ಲಿ ಮನುಷ್ಯನ ಚರ್ಮದ ಕೋಶಗಳು ಚೆನ್ನಾಗಿ ಹಬ್ಬುತ್ತವೆ. 1983ರಲ್ಲಿ ವಯೋಮಿಂಗ್ ರಾಜ್ಯದ ಇಬ್ಬರು ಪುಟ್ಟ ಅಣ್ಣತಮ್ಮಂದಿರಿಗೆ ಮೈಯ ಶೇಕಡ 95ಕ್ಕೂ ಹೆಚ್ಚು ಸುಟ್ಟಿತ್ತು. ಗ್ರೀನ್ ಲ್ಯಾಬ್‌ನಲ್ಲಿ ಅವರದೇ ಕೋಶಗಳಿಂದ ಬೆಳೆಸಿದ ಹಾಳೆಗಳನ್ನು ಬಾಸ್ಟನ್‌ನ ಆಸ್ಪತ್ರೆಯಲ್ಲಿ ಹೊದಿಸಿದರು. ಇಬ್ಬರೂ ಬದುಕಿದರು.

ಡಿ ಲುಕಾ ಮತ್ತು ಅವರ ಸಹೋದ್ಯೋಗಿ ಗ್ರಾಝಿಯೆಲ್ಲಾ ಪೆಲ್ಲೆಗ್ರಿನಿ ಈ ವಿದ್ಯೆಯನ್ನು ಕಲಿತದ್ದು ಗ್ರೀನ್ ಅವರ ಗರಡಿಯಲ್ಲೇ. ಇಟಲಿಗೆ ಮರಳಿದ ಮೇಲೆ ಅವರು ಅದನ್ನು ಎರಡು ದಿಕ್ಕಿಗೆ ಒಯ್ದರು. ಒಂದು ಕಣ್ಣು. ಸುಣ್ಣ, ಆ್ಯಸಿಡ್ ಬಿದ್ದು ಕಾರ್ನಿಯಾ ಮಸುಕಾದವರಿಗೆ ಇನ್ನೊಂದು ಕಣ್ಣಿನ ಅಂಚಿನಿಂದ ಕಾಂಡಕೋಶ ತೆಗೆದು ಬೆಳೆಸಿ ಹಾಕುವುದು. ಇದೇ ಮುಂದೆ ಹೊಲೋಕ್ಲಾರ್ ಎಂಬ ಹೆಸರಿನಲ್ಲಿ 2015ರ ಫೆಬ್ರವರಿಯಲ್ಲಿ ಯುರೋಪಿನ ಒಪ್ಪಿಗೆ ಪಡೆಯಿತು. ಕಾಂಡಕೋಶದಿಂದ ಮಾಡಿದ ಔಷಧಿಗೆ ಅಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು. ಎರಡನೆಯ ದಿಕ್ಕು, ಜೀನ್ ಸರಿಪಡಿಸಿದ ಚರ್ಮ. ಲ್ಯಾಂಬ್3 ದೋಷವಿದ್ದ ಒಬ್ಬ ವಯಸ್ಕರ ಕಾಲಿಗೆ ಅಂಥ ಚರ್ಮದ ತುಣುಕುಗಳನ್ನು ಕಸಿ ಮಾಡಿದ ವರದಿ 2006ರಲ್ಲಿ ಬಂತು. ಆರು ವರ್ಷ ದಾಟಿದ ಮೇಲೂ ಆ ಜಾಗ ಗಟ್ಟಿಯಾಗಿತ್ತು. ಆದರೆ ಅಷ್ಟರಲ್ಲಿ ಯುರೋಪಿನ ನಿಯಮಗಳು ಬದಲಾದವು. ಔಷಧ ಕಾರ್ಖಾನೆಯ ಮಟ್ಟದ ಸೌಕರ್ಯವಿಲ್ಲದೆ ಇಂಥ ಕೋಶಗಳನ್ನು ಬೆಳೆಸುವ ಹಾಗಿಲ್ಲ ಎಂದಾಯಿತು. ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು.

ಅಂದರೆ ಬೋಖುಮ್‌ನಿಂದ ಕರೆ ಬಂದಾಗ ಮೊಡೆನಾದಲ್ಲಿ ಕೈ ಪಳಗಿತ್ತು, ಲ್ಯಾಬ್ ಸಿದ್ಧವಿತ್ತು. ಆದರೆ ಅಂಗೈಯಗಲದ ತುಣುಕಲ್ಲ, ಹೆಚ್ಚುಕಡಿಮೆ ಇಡೀ ಮೈಗೆ ಚರ್ಮ ಬೇಕು ಎಂದು ಯಾರೂ ಕೇಳಿರಲಿಲ್ಲ.

ಚೂರಿನಿಂದ ಹಾಳೆಗೆ

ಹುಡುಗನ ಎಡ ತೊಡೆಸಂದಿಯಲ್ಲಿ ಗುಳ್ಳೆ ಇಲ್ಲದ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿಂದ 4 ಚದರ ಸೆಂಟಿಮೀಟರ್‌ನ ಚೂರು ತೆಗೆದು ಮೊಡೆನಾಕ್ಕೆ ಕಳಿಸಿದರು. ಎರಡು ಸೆಂಟಿಮೀಟರ್ ಉದ್ದ, ಎರಡು ಅಗಲ, ಅಷ್ಟೇ.

ಅದರಿಂದ ಹೊರಪದರದ ಕೋಶಗಳನ್ನು ಬಿಡಿಸಿ ಬೆಳೆಸಿದರು. ಜೊತೆಗೆ ಒಂದು ರೆಟ್ರೋವೈರಸ್‌ನ ಒಳಗೆ ಸರಿಯಾದ ಲ್ಯಾಂಬ್3 ಜೀನ್ ಇಟ್ಟು ಆ ಕೋಶಗಳಿಗೆ ಸೋಕಿಸಿದರು. ರೋಗ ತರುವ ಶಕ್ತಿ ತೆಗೆದುಹಾಕಿದ ವೈರಸ್ ಅದು. ಆದರೆ ಕೋಶದೊಳಗೆ ನುಗ್ಗಿ, ತಾನು ಹೊತ್ತು ತಂದದ್ದನ್ನು ಅದರ ಡಿಎನ್ಎ ಒಳಗೆ ಸೇರಿಸುವ ಗುಣ ಮಾತ್ರ ಹಾಗೇ ಇರುತ್ತದೆ. ಹಳೆಯ ಕೆಟ್ಟ ಜೀನ್ ಎಲ್ಲಿಗೂ ಹೋಗುವುದಿಲ್ಲ. ಪಕ್ಕದಲ್ಲಿ ಒಂದು ಒಳ್ಳೆಯ ಪ್ರತಿ ಸೇರುತ್ತದೆ. ಕೋಶ ಇಬ್ಭಾಗವಾದಾಗಲೆಲ್ಲ ಒಳ್ಳೆಯ ಪ್ರತಿಯೂ ಮಕ್ಕಳಿಗೆ ಹೋಗುತ್ತದೆ.

ಹೀಗೆ ಬೆಳೆಸಿದ ಹಾಳೆಗಳ ಒಟ್ಟು ಅಳತೆ 0.85 ಚದರ ಮೀಟರ್. ತೆಗೆದ ಚೂರಿನ ಎರಡು ಸಾವಿರ ಪಟ್ಟಿಗಿಂತ ಜಾಸ್ತಿ.

2015ರ ಅಕ್ಟೋಬರ್‌ನಲ್ಲಿ ಮೊದಲ ಆಪರೇಷನ್. ಕೈಕಾಲುಗಳ ಸತ್ತ, ಕೊಳೆತ ಭಾಗ ತೆಗೆದು, ಗಾಯವನ್ನು ಹಸನು ಮಾಡಿ ಹಾಳೆ ಹೊದಿಸಿದರು. ನವೆಂಬರ್‌ನಲ್ಲಿ ಎರಡನೆಯದು, ಮುಖ್ಯವಾಗಿ ಬೆನ್ನಿಗೆ. ಅಲ್ಲಲ್ಲಿ ಬಾಕಿ ಇದ್ದದ್ದು 2016ರ ಜನವರಿಯಲ್ಲಿ. ಫೆಬ್ರವರಿಯಲ್ಲಿ ಹುಡುಗ ಮನೆಗೆ ಹೋದ. ಆಮೇಲೆ ಶಾಲೆಗೂ ಹೋದ, ಫುಟ್ಬಾಲೂ ಆಡಿದ. ಬಿದ್ದು ತರಚಿದರೆ ಎಲ್ಲ ಮಕ್ಕಳ ಹಾಗೆ ಮಾಯುತ್ತಿತ್ತು.

2017ರ ನವೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಪ್ರಕಟವಾದಾಗ 21 ತಿಂಗಳ ನಿಗಾ ಮುಗಿದಿತ್ತು. ಅಲ್ಲಲ್ಲಿ ಸಣ್ಣ ಚೂರು ತೆಗೆದು ಪರೀಕ್ಷಿಸಿದ್ದರು. ಹೊಸ ಚರ್ಮದಲ್ಲಿ ಲ್ಯಾಮಿನಿನ್ ಸರಿಯಾಗಿ ಕೂತಿತ್ತು. ಬೇಕೆಂದೇ ಉಜ್ಜಿ ನೋಡಿದರೂ ಗುಳ್ಳೆ ಏಳಲಿಲ್ಲ. ಹುಟ್ಟಿನಿಂದ ಸರಿಯಾಗಿ ಇಲ್ಲದ ಪ್ರೋಟೀನ್ ಒಮ್ಮೆಲೇ ಬಂದರೆ ದೇಹ ಅದನ್ನೇ ಶತ್ರು ಎಂದುಕೊಳ್ಳುವ ಅಪಾಯ ಇರುತ್ತದೆ. ಅದರ ಸುಳಿವೂ ರಕ್ತದಲ್ಲಿ ಕಾಣಲಿಲ್ಲ.

ನಿಜವಾದ ಕೆಲಸ ಮಾಡಿದ್ದು ಯಾರು

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇಲ್ಲಿದೆ. ಹುಡುಗ ಬದುಕಿದ್ದು ದೊಡ್ಡ ಸುದ್ದಿ, ಸರಿ. ಆದರೆ ಬೆಳೆದ ದೇಹದ ಕಾಂಡಕೋಶಗಳ ಬಗ್ಗೆ ಬಹುಕಾಲದಿಂದ ಎಳೆದಾಡುತ್ತಿದ್ದ ಒಂದು ಪ್ರಶ್ನೆಗೂ ಅವನ ಚರ್ಮ ಉತ್ತರ ಕೊಟ್ಟಿತು.

ಪ್ರಶ್ನೆ ಇದು. ಹೊರಪದರದ ಬುಡದಲ್ಲಿರುವ ಕೋಶಗಳೆಲ್ಲ ಸರಿಸಮಾನವೇ? ಎಲ್ಲವೂ ಸರದಿಯಂತೆ ವಿಭಜನೆಯಾಗುತ್ತ ಚರ್ಮ ಉಳಿಸುತ್ತವೆಯೇ? ಅಥವಾ ಅವುಗಳಲ್ಲಿ ಬೆರಳೆಣಿಕೆಯವು ಮಾತ್ರ ನಿಜವಾದ ಕಾಂಡಕೋಶಗಳಾಗಿದ್ದು, ಉಳಿದವು ಅವುಗಳಿಂದ ಹುಟ್ಟಿ ಸ್ವಲ್ಪ ದಿನ ದುಡಿದು ಮುಗಿದುಹೋಗುವಂಥವೇ? ಇಲಿಗಳ ಮೇಲೆ ಮಾಡಿದ ಪ್ರಯೋಗಗಳು ಎರಡೂ ಕಡೆಗೆ ಸಾಕ್ಷಿ ಹೇಳುತ್ತಿದ್ದವು.

ಗ್ರೀನ್ ಮತ್ತು ಯಾನ್ ಬರ್ರಾಂಡನ್ 1987ರಲ್ಲೇ ಮನುಷ್ಯನ ಕೋಶಗಳನ್ನು ಒಂದೊಂದಾಗಿ ಬಿಡಿಸಿ ಬೆಳೆಸಿ ಮೂರು ಗುಂಪು ಮಾಡಿದ್ದರು. ಹೋಲೋಕ್ಲೋನ್ ಎಂಬ ಗುಂಪು ಬಹಳ ಕಾಲ ಬೆಳೆಯುತ್ತಲೇ ಇರುತ್ತದೆ. ಪ್ಯಾರಾಕ್ಲೋನ್ ಗುಂಪು ಹದಿನೈದು ತಲೆಮಾರಿನೊಳಗೆ ಸುಸ್ತಾಗಿ ನಿಲ್ಲುತ್ತದೆ. ಮೆರೋಕ್ಲೋನ್ ಇವೆರಡರ ನಡುವಿನದು. ಆದರೆ ಇದು ಲ್ಯಾಬ್‌ನ ಡಿಶ್‌ನಲ್ಲಿ ಕಂಡದ್ದು. ಮನುಷ್ಯನ ಮೈಮೇಲೂ ಹೀಗೇ ಎಂದು ತೋರಿಸುವುದು ಹೇಗೆ? ಆರೋಗ್ಯವಂತ ಮನುಷ್ಯನ ಚರ್ಮಕ್ಕೆ ಗುರುತು ಹಾಕಿ ವರ್ಷಗಟ್ಟಲೆ ನೋಡಲು ಯಾವ ನೈತಿಕ ಸಮಿತಿಯೂ ಬಿಡುವುದಿಲ್ಲ.

ಈ ಹುಡುಗನ ಚರ್ಮದಲ್ಲಿ ಗುರುತು ತಾನಾಗಿ ಬಿದ್ದಿತ್ತು. ರೆಟ್ರೋವೈರಸ್ ಒಂದೊಂದು ಕೋಶದ ಡಿಎನ್ಎಯಲ್ಲಿ ಒಂದೊಂದು ಜಾಗದಲ್ಲಿ ಹೋಗಿ ಕೂರುತ್ತದೆ. ಆ ಜಾಗ ಆ ಕೋಶದ ಮನೆತನದ ಗುರುತಾಗುತ್ತದೆ. ಮುಂದೆ ಹುಟ್ಟುವ ಎಲ್ಲ ಮಕ್ಕಳು ಮೊಮ್ಮಕ್ಕಳಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಹಾಗಾಗಿ ಕಸಿಗೆ ಮುಂಚೆ ಎಷ್ಟು ಬಗೆಯ ಗುರುತುಗಳಿದ್ದವು, ತಿಂಗಳುಗಳ ಮೇಲೆ ಎಷ್ಟು ಉಳಿದವು ಎಂದು ಎಣಿಸಿದರೆ ಸಾಕು.

ಎಣಿಸಿದರು. ಕಸಿಗೆ ಮುಂಚಿನ ಕೋಶಗಳಲ್ಲಿ 27 ಸಾವಿರಕ್ಕೂ ಹೆಚ್ಚು ಗುರುತುಗಳು ಸಿಕ್ಕಿದ್ದವು. ತಿಂಗಳುಗಳ ನಂತರ ಅವನ ಮೈಯಿಂದ ತೆಗೆದ ಚೂರುಗಳಲ್ಲಿ ಕೆಲವು ನೂರು ಮಾತ್ರ ಇದ್ದವು. ಎಲ್ಲ ಕೋಶಗಳೂ ಸಮಾನವಾಗಿದ್ದರೆ ಇಷ್ಟೊಂದು ಇಳಿಯಬಾರದು. ಇನ್ನೂ ಒಂದು ಮಾತು. ಕಸಿಗೆ ಮುಂಚೆ ಅಲ್ಪಾಯುಷಿ ಕೋಶಗಳ (ಅಂದರೆ ಮೆರೋಕ್ಲೋನ್, ಪ್ಯಾರಾಕ್ಲೋನ್‌ಗಳ) ಗುರುತುಗಳೇ ಬೇರೆ, ಹೋಲೋಕ್ಲೋನ್‌ಗಳ ಗುರುತುಗಳೇ ಬೇರೆ ಇದ್ದವು. ಕಸಿಯಾದ ಮೇಲೆ ಅಲ್ಪಾಯುಷಿಗಳಲ್ಲೂ ಹೋಲೋಕ್ಲೋನ್‌ನ ಗುರುತುಗಳೇ ಕಂಡವು. ಅಂದರೆ ಹಾಳೆಯ ಜೊತೆ ಬಂದಿದ್ದ ಹಳೆಯ ಅಲ್ಪಾಯುಷಿಗಳು ಉದುರಿಹೋಗಿದ್ದವು. ಈಗಿರುವವು ಹೋಲೋಕ್ಲೋನ್‌ಗಳು ಹೊಸದಾಗಿ ಹೆತ್ತವು. ಹೋಲೋಕ್ಲೋನ್‌ಗಳೇ ನಿಜವಾದ ಕಾಂಡಕೋಶಗಳು.

ಇದರ ಫಲಿತಾಂಶ ಚಿಕಿತ್ಸೆಗೆ ನೇರವಾಗಿ ತಟ್ಟುತ್ತದೆ. ಬೆಳೆಸಿದ ಹಾಳೆ ನೋಡಲು ಎಷ್ಟೇ ಚೆನ್ನಾಗಿರಲಿ, ಕೋಶಗಳು ಕೋಟಿಗಟ್ಟಲೆ ಇರಲಿ, ಅದರಲ್ಲಿ ಹೋಲೋಕ್ಲೋನ್ ಇಲ್ಲದಿದ್ದರೆ ಕೆಲವು ವಾರ ಇದ್ದು ಹೋಗಿಬಿಡುತ್ತದೆ. ಹೋಲೋಕ್ಲೋನ್‌ಗಳು ಬೆಳೆಸುವ ಹಂತದಲ್ಲೇ ಸುಲಭವಾಗಿ ಕೈತಪ್ಪುತ್ತವೆ. ದ್ರಾವಣ ಸ್ವಲ್ಪ ಹೆಚ್ಚುಕಡಿಮೆಯಾದರೆ, ಕೆಳಗಿನ ಇಲಿ ಕೋಶಗಳ ಹಾಸು ಸರಿಯಿಲ್ಲದಿದ್ದರೆ, ಅವು ಸಾಮಾನ್ಯ ಕೋಶಗಳಾಗಿ ಬದಲಾಗುತ್ತವೆ. ಹೊರನೋಟಕ್ಕೆ ಗೊತ್ತೂ ಆಗುವುದಿಲ್ಲ. ಕಣ್ಣಿನ ಚಿಕಿತ್ಸೆಯಲ್ಲೂ ಇದೇ ಕಂಡಿತ್ತು. 2010ರಲ್ಲಿ 112 ರೋಗಿಗಳ ವರದಿ ಬಂದಾಗ, ಬೆಳೆಸಿದ ಕೋಶಗಳಲ್ಲಿ ಪಿ63 ಎಂಬ ಪ್ರೋಟೀನ್ ಹೆಚ್ಚಾಗಿರುವವು ಶೇಕಡ 3ಕ್ಕಿಂತ ಜಾಸ್ತಿ ಇದ್ದಲ್ಲಿ ಕಸಿ ಬಹುಪಾಲು ಗೆದ್ದಿತ್ತು, ಕಡಿಮೆ ಇದ್ದಲ್ಲಿ ಬಹುಪಾಲು ಸೋತಿತ್ತು. ಆ ಪಿ63 ಕಾಂಡಕೋಶದ ಗುರುತು.

ಆದ್ದರಿಂದ ಯಾರಾದರೂ "ನಾವು ಇಷ್ಟು ಕೋಟಿ ಸೆಲ್ ಕೊಡುತ್ತೇವೆ" ಎಂದರೆ ಆ ಸಂಖ್ಯೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಅದರಲ್ಲಿ ಕಾಂಡಕೋಶ ಎಷ್ಟು, ಹೇಗೆ ಅಳೆದಿರಿ ಎಂದು ಕೇಳಬೇಕು.

ನಮ್ಮಲ್ಲೂ ಇದು ದೂರದ ಮಾತಲ್ಲ. ಮೊಣಕಾಲು ನೋವಿನಿಂದ ಹಿಡಿದು ಆಟಿಸಂ ತನಕ ಸ್ಟೆಮ್ ಸೆಲ್ ಇಂಜೆಕ್ಷನ್ ಎಂದು ಬೋರ್ಡು ಹಾಕಿದವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯಂಥದ್ದು ಮಾತ್ರ ಒಪ್ಪಿತ ಚಿಕಿತ್ಸೆ. ಉಳಿದದ್ದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಮಾಡಬೇಕು. ಬೋಖುಮ್‌ನಲ್ಲಿ ಚರ್ಮದ ಕೋಶ ಚರ್ಮವನ್ನೇ ಮಾಡಿತು. ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶವನ್ನು ರಕ್ತನಾಳಕ್ಕೆ ಚುಚ್ಚಿದರೆ ಅದು ಸುಮ್ನೆ ಹೋಗಿ ಮಿದುಳಿನ ನರಕೋಶ ಆಗಿಬಿಡುತ್ತದೆ ಎನ್ನುವುದಕ್ಕೆ ಇಂಥ ಯಾವ ಪುರಾವೆಯೂ ಇಲ್ಲ.

ಉಳಿದ ಅನುಮಾನ

ರೆಟ್ರೋವೈರಸ್ ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ ಎಂದೆನಲ್ಲ, ಅದೇ ಅದರ ಅಪಾಯವೂ ಹೌದು. ಪ್ಯಾರಿಸ್‌ನಲ್ಲಿ ಹುಟ್ಟಾ ರೋಗನಿರೋಧಕ ಶಕ್ತಿ ಇಲ್ಲದ ಮಕ್ಕಳಿಗೆ ಇದೇ ಬಗೆಯ ವೈರಸ್‌ನಿಂದ ರಕ್ತದ ಕಾಂಡಕೋಶ ಸರಿಪಡಿಸಿದ್ದರು. ಮಕ್ಕಳು ಚೇತರಿಸಿಕೊಂಡರು. ಆದರೆ ಕೆಲವರಲ್ಲಿ ವೈರಸ್ ಒಂದು ಕ್ಯಾನ್ಸರ್ ಜೀನ್‌ನ ಪಕ್ಕದಲ್ಲಿ ಕೂತು ಅದನ್ನು ಎಬ್ಬಿಸಿತು. ಅವರಿಗೆ ರಕ್ತ ಕ್ಯಾನ್ಸರ್ ಬಂತು. ಬೋಖುಮ್‌ನ ತಂಡದ ಮುಂದೆ ಆ ಕಹಿ ನೆನಪು ಇತ್ತು.

ಚರ್ಮಕ್ಕೆ ಒಂದು ಅನುಕೂಲ ಇದೆ. ಏನಾದರೂ ಗಂಟು ಎದ್ದರೆ ಕಣ್ಣಿಗೆ ಕಾಣುತ್ತದೆ, ಕತ್ತರಿಸಿ ತೆಗೆಯಬಹುದು. ರಕ್ತದಲ್ಲಿ ಹಾಗಲ್ಲ. ಈ ಹುಡುಗನ ವಿಷಯದಲ್ಲಿ 2021ರ ಡಿಸೆಂಬರ್‌ನಲ್ಲಿ ಐದು ವರ್ಷದ ವರದಿ ಬಂತು. ಕಸಿ ಮಾಡಿದ ಜಾಗಗಳಲ್ಲಿ ಗುಳ್ಳೆ ಇಲ್ಲ, ಗಂಟೂ ಇಲ್ಲ. ಐದು ವರ್ಷ ಕ್ಯಾನ್ಸರ್ ಇಲ್ಲ ಎಂದರೆ ನೆಮ್ಮದಿಯ ಮಾತೇ. ಆದರೆ ಹುಡುಗನಿಗೆ ಇನ್ನೂ ಎಷ್ಟೋ ದಶಕಗಳ ಬದುಕು ಮುಂದಿದೆ. ನಿಗಾ ನಿಲ್ಲಿಸುವ ಹಾಗಿಲ್ಲ.

ಕಸಿ ಮಾಡದೆ ಬಿಟ್ಟ ಜಾಗಗಳಲ್ಲಿ ಕಾಯಿಲೆ ಹಾಗೇ ಇದೆ. ಅಲ್ಲಿನ ಕೋಶಗಳಿಗೆ ಒಳ್ಳೆಯ ಜೀನ್ ಮುಟ್ಟಿಲ್ಲ. ಈ ಕಾಯಿಲೆ ಬಾಯಿ, ಗಂಟಲು, ಉಸಿರಿನ ಕೊಳವೆಯ ಒಳಪೊರೆಯನ್ನೂ ಬಿಡುವುದಿಲ್ಲ. ಅಲ್ಲಿಗೆಲ್ಲ ಹಾಳೆ ಹೊದಿಸಲು ಆಗದು. ಶೈಶವದಲ್ಲೇ ಉಸಿರು ಕಟ್ಟಿ ಸಾಯುವ ತೀವ್ರ ಬಗೆಯ ಮಕ್ಕಳಿಗೆ ಈ ವಿಧಾನದಿಂದ ಹೆಚ್ಚು ಉಪಕಾರವಿಲ್ಲ. ಒಳಪದರ ಗಟ್ಟಿಯಾಗಿ ಉಳಿದಿರುವ, ಆಪರೇಷನ್ ತಾಳಿಕೊಳ್ಳುವ ರೋಗಿಗೆ ಮಾತ್ರ ಇದು.

ಆಮೇಲೆ ಏನಾಯಿತು? ಅದೇ ದಾರಿಯಲ್ಲಿ, ಆದರೆ ಬೇರೆ ಬಗೆಯ ಎಪಿಡರ್ಮೊಲೈಸಿಸ್‌ಗೆ, ಅಮೆರಿಕದಲ್ಲಿ 2025ರ ಏಪ್ರಿಲ್‌ನಲ್ಲಿ ಝೆವಾಸ್ಕಿನ್ ಎಂಬ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅದರಲ್ಲೂ ರೋಗಿಯದೇ ಚರ್ಮದ ಕೋಶ, ಅದರಲ್ಲೂ ರೆಟ್ರೋವೈರಸ್. ಸರಿಪಡಿಸುವುದು ಮಾತ್ರ ಏಳನೆಯ ಬಗೆಯ ಕೊಲಾಜನ್‌ನ ಜೀನ್. ಒಂದೊಂದು ಹಾಳೆ ಸುಮಾರು ಕ್ರೆಡಿಟ್ ಕಾರ್ಡಿನಷ್ಟು, 41.25 ಚದರ ಸೆಂಟಿಮೀಟರ್. ಒಂದು ಸಲಕ್ಕೆ ಹೆಚ್ಚೆಂದರೆ ಹನ್ನೆರಡು ಹಾಳೆ. ಕಂಪನಿ ಇಟ್ಟ ಬೆಲೆ ಸುಮಾರು 31 ಲಕ್ಷ ಡಾಲರ್. ಹನ್ನೆರಡೂ ಹಾಳೆ ಕೂಡಿಸಿದರೆ 495 ಚದರ ಸೆಂಟಿಮೀಟರ್ ಆಗುತ್ತದೆ. ಹುಡುಗನಿಗಾಗಿ ಮೊಡೆನಾದಲ್ಲಿ ಬೆಳೆಸಿದ್ದು ಅದರ ಹದಿನೇಳು ಪಟ್ಟು.